ಮನೆಯಲ್ಲೇ ಆರೈಕೆ ಮಾಡುವವರಿಗೆ ಸರ್ಕಾರದಿಂದ ಸಿಗುವುದೇನು?

ಪ್ರಶ್ನೆ: ನಾನು ಬಳ್ಳಾರಿಯ ಕೌಲ್ ಬಜಾರ್ ಕಡೆಯವಳು, ವಯಸ್ಸು 39. ಜೀನ್ಸ್ ಪ್ಯಾಂಟ್ ಹೊಲಿಯುವ ಕೆಲಸ ಮಾಡುತ್ತಿದ್ದೆ. ಮಗನಿಗೆ 17 ವರ್ಷ, ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ನಡೆಯಲಾರ, ಮಾತು ಸ್ಪಷ್ಟವಿಲ್ಲ. ಅವನ ಕಾರ್ಡಿನಲ್ಲಿ ಶೇ 60 ಎಂದಿದೆ, ತಿಂಗಳಿಗೆ 800 ರೂಪಾಯಿ ಪಿಂಚಣಿ ಬರುತ್ತದೆ. ಎರಡು ವರ್ಷದ ಹಿಂದೆ ಮಾವನವರಿಗೆ (71 ವರ್ಷ) ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದರು. ಮಾತು ತಡವರಿಸಿದರೂ ಬುದ್ಧಿ ನೆಟ್ಟಗಿದೆ. ಅವರಿಗೆ ಸಂಧ್ಯಾ ಸುರಕ್ಷಾ ಹಣ ಬರುತ್ತದೆ. ಮನೆ ಅವರ ಹೆಸರಿನಲ್ಲೇ ಇದೆ. ಅವರು ಬಿದ್ದಂದಿನಿಂದ ನಾನು ಮಿಷನ್ ಮುಟ್ಟಿಲ್ಲ. ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ. ಮೈದುನ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾರೆ, ಹಬ್ಬಕ್ಕೆ ಬಂದು ಹೋಗುತ್ತಾರೆ, ಅಷ್ಟೇ. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆ ಸರ್ಕಾರ ಸಂಬಳ ಕೊಡುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಮಾಡಿಸಿಕೊಡಲು ಮೂರು ಸಾವಿರ ಕೇಳುತ್ತಿದ್ದಾರೆ. ಇದು ನಿಜವೇ? ಅರ್ಜಿಯಲ್ಲಿ ಗಂಡನ ಹೆಸರು ಹಾಕಬೇಕೋ, ನನ್ನದೋ? ರಾತ್ರಿ ನಿದ್ದೆ ಎಂಬುದು ಮರೆತೇಹೋಗಿದೆ.

ಉತ್ತರ: ಮೊದಲು ಆ ಮೂರು ಸಾವಿರದ ವಿಚಾರ ಮುಗಿಸಿಬಿಡೋಣ. ಕೊಡಬೇಡಿ. ನಿಮ್ಮ ಅರ್ಜಿ ಮಂಜೂರಾಗುವುದು ಬಿಡುವುದು ಮಗನ ವೈದ್ಯಕೀಯ ದಾಖಲೆಯ ಮೇಲೆ ನಿಂತಿದೆಯೇ ಹೊರತು ಯಾರ ಪರಿಚಯದ ಮೇಲೂ ಅಲ್ಲ. ದಾಖಲೆ ಸರಿಯಿದ್ದರೆ ದಲ್ಲಾಳಿ ಬೇಕಿಲ್ಲ. ಸರಿಯಿಲ್ಲದಿದ್ದರೆ ಅವನಿಂದಲೂ ಆಗುವುದಿಲ್ಲ.

ಇನ್ನು ‘ಸಂಬಳ’ದ ಮಾತು. ಮನೆಯವರನ್ನು ನೋಡಿಕೊಳ್ಳುವುದಕ್ಕೆ ಸಂಬಳ ಎಂದು ರಾಜ್ಯವೂ ಕೊಡುವುದಿಲ್ಲ, ಕೇಂದ್ರವೂ ಕೊಡುವುದಿಲ್ಲ. ಆದರೆ ಸುದ್ದಿ ಪೂರ್ತಿ ಗಾಳಿಮಾತೂ ಅಲ್ಲ. 2024-25ರ ರಾಜ್ಯ ಬಜೆಟ್‌ನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಣೆಯಾಯಿತು. ಅದು ನಾಲ್ಕೇ ಕಾಯಿಲೆಗಳಿಗೆ ಸೀಮಿತ: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್. ಅಂದರೆ ನಿಮ್ಮ ಮಗನ ಲೆಕ್ಕದಲ್ಲಿ ನೀವು ಅರ್ಜಿ ಹಾಕಬಹುದು. ಪಾರ್ಶ್ವವಾಯು ಈ ಪಟ್ಟಿಯಲ್ಲಿಲ್ಲ, ಹಾಗಾಗಿ ಮಾವನವರ ಲೆಕ್ಕದಲ್ಲಿ ಆಗುವುದಿಲ್ಲ. ಹಗಲೂ ರಾತ್ರಿ ಮಗ್ಗುಲು ಬದಲಿಸುವ, ಮಲಮೂತ್ರ ತೆಗೆಯುವ ಕೆಲಸಕ್ಕೆ ಕಾಯಿಲೆಯ ಹೆಸರು ಕಟ್ಟಿಕೊಂಡು ಏನಾಗಬೇಕು ಎಂದು ನೀವು ಕೇಳಿದರೆ ನನ್ನ ಬಳಿ ಸಮಾಧಾನದ ಉತ್ತರವಿಲ್ಲ. ಕೇರಳದಲ್ಲಿ ‘ಆಶ್ವಾಸಕಿರಣಂ’ ಎಂಬ ಯೋಜನೆಯಿದೆ. ಮೊತ್ತ 600 ರೂಪಾಯಿ, ನಮ್ಮದಕ್ಕಿಂತ ಕಡಿಮೆ. ಆದರೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರೂ ಅದರಲ್ಲಿ ಸೇರುತ್ತಾರೆ.

ಕಾನೂನು ನಿಮ್ಮನ್ನು ಗುರುತಿಸಿಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಹಣ ಪಡೆದೋ ಪಡೆಯದೆಯೋ ವಿಕಲಚೇತನರನ್ನು ನೋಡಿಕೊಳ್ಳುವ ತಂದೆ ತಾಯಿ, ಮನೆಮಂದಿ ಎಲ್ಲರೂ ಆರೈಕೆದಾರರೇ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯೂ ಸಾಮಾಜಿಕ ಭದ್ರತೆಯಲ್ಲಿ ಸೇರಬೇಕು ಎಂದು ಅದರ 24ನೇ ಸೆಕ್ಷನ್ ಹೇಳುತ್ತದೆ. ಅದೇ ಸೆಕ್ಷನ್ನಿನಲ್ಲಿ, ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತೂ ಇದೆ. ಎಲ್ಲ ಹೊಯ್ದಾಟ ಇರುವುದು ಆ ಮಿತಿಯಲ್ಲೇ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಿಷಯಕ್ಕೆ ಬರುತ್ತೇನೆ. ನಡೆಯಲಾರದ, ಮಾತು ಸ್ಪಷ್ಟವಿಲ್ಲದ ಹುಡುಗನ ಕಾರ್ಡಿನಲ್ಲಿ ಶೇ 60 ಎಂದು ಹೇಗೆ ಬಂತು? ನಮ್ಮಲ್ಲಿ ನೆರವಿನ ಹಣ ಬಹುಪಾಲು ಹರಿಯುವುದು ನೋಡಿಕೊಳ್ಳುವವರ ಹೆಸರಿಗಲ್ಲ, ನೋಡಿಸಿಕೊಳ್ಳುವವರ ಹೆಸರಿಗೆ. ಅದರ ಪ್ರಮಾಣವನ್ನು ನಿರ್ಧರಿಸುವುದು ಆ ಕಾರ್ಡಿನ ಎರಡು ಅಂಶಗಳು: ಕಾಯಿಲೆಯ ಹೆಸರು ಮತ್ತು ಶೇಕಡಾವಾರು. ಅಂಗವಿಕಲ ಪಿಂಚಣಿಯಲ್ಲಿ ಶೇ 40ರಿಂದ 75ರ ಒಳಗಿದ್ದರೆ 800 ರೂಪಾಯಿ, 75 ದಾಟಿದರೆ 1,400. ತೀವ್ರ ಬುದ್ಧಿಮಾಂದ್ಯತೆಯಿದ್ದು ಶೇ 75 ದಾಟಿದ್ದರೆ 2,000. ನಿಮ್ಮ ಮಗ ಕೆಳಗಿನ ಮೆಟ್ಟಿಲಲ್ಲೇ ನಿಂತಿದ್ದಾನೆ.

ಹಳೆಯ ಪ್ರಮಾಣಪತ್ರಗಳಲ್ಲಿ ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ ಬರೀ ‘ದೈಹಿಕ’ ಅಥವಾ ‘ಚಲನವೈಕಲ್ಯ’ ಎಂದು ಬರೆದಿರುವುದು ಸಾಮಾನ್ಯ. ನಿಮ್ಮದರಲ್ಲೂ ಹಾಗೇ ಇದ್ದರೆ ಸಾವಿರ ರೂಪಾಯಿಯ ಭತ್ಯೆಗೆ ಅಲ್ಲೇ ಕಲ್ಲು ಬೀಳುತ್ತದೆ, ಏಕೆಂದರೆ ಅಲ್ಲಿ ಬೇಕಿರುವುದು ‘ಸೆರೆಬ್ರಲ್ ಪಾಲ್ಸಿ’ ಎಂಬ ಹೆಸರೇ. 2016ರ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಅದಕ್ಕೆ ಪ್ರತ್ಯೇಕ ಹೆಸರಿದೆ, ಯುಡಿಐಡಿ ಕಾರ್ಡಿನಲ್ಲಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಅದನ್ನು ಹಾಗೆಯೇ ನಮೂದಿಸಬಹುದು. ಮರುಪರೀಕ್ಷೆಗೆ ಅರ್ಜಿ ಹಾಕಿ.

ಮರುಪರೀಕ್ಷೆಯಲ್ಲಿ ಇನ್ನೊಂದು ಕೇಳಿಕೊಳ್ಳಿ. ಸೆರೆಬ್ರಲ್ ಪಾಲ್ಸಿ ಇರುವ ಹಲವರಿಗೆ ಕೈಕಾಲಿನ ತೊಂದರೆಯ ಜೊತೆಗೆ ಬುದ್ಧಿಯ ಬೆಳವಣಿಗೆ, ದೃಷ್ಟಿ, ಶ್ರವಣ ಇವುಗಳಲ್ಲೂ ತೊಂದರೆ ಇರುತ್ತದೆ. ಮೂಳೆ ವೈದ್ಯರೊಬ್ಬರೇ ನೋಡಿ ಕೈಕಾಲಿಗಷ್ಟೇ ಅಂಕ ಕೊಟ್ಟಿದ್ದರೆ ಉಳಿದವು ಲೆಕ್ಕಕ್ಕೇ ಬಂದಿರುವುದಿಲ್ಲ. ಎರಡು ವೈಕಲ್ಯಗಳಿದ್ದಾಗ ಕೂಡಿಸುವುದಕ್ಕೆ ಒಂದು ಸೂತ್ರವಿದೆ: ದೊಡ್ಡ ಅಂಕವನ್ನು ಹಾಗೇ ಇಟ್ಟುಕೊಂಡು, 90ರಲ್ಲಿ ಅದನ್ನು ಕಳೆದು, ಉಳಿದದ್ದನ್ನು ಚಿಕ್ಕ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡ ಅಂಕಕ್ಕೆ ಸೇರಿಸುತ್ತಾರೆ. ಕೈಕಾಲಿಗೆ 60, ಸೌಮ್ಯ ಬುದ್ಧಿಮಾಂದ್ಯತೆಗೆ 50 ಎಂದಾದರೆ ಒಟ್ಟು ಸುಮಾರು 77 ಆಗುತ್ತದೆ. 75ರ ಗೆರೆ ದಾಟಿತು. ಇದನ್ನು ಓದಿ, ಇಲ್ಲದ ಬುದ್ಧಿಮಾಂದ್ಯತೆಯನ್ನು ಬರೆಸಿಕೊಳ್ಳಿ ಎಂದು ಅರ್ಥ ಮಾಡಿಕೊಳ್ಳಬೇಡಿ. ಮಾತು ಸ್ಪಷ್ಟವಿಲ್ಲದ ಎಷ್ಟೋ ಮಕ್ಕಳ ತಲೆ ನಮ್ಮೆಲ್ಲರಿಗಿಂತ ಚುರುಕಾಗಿರುತ್ತದೆ. ಅಂಥ ಹುಡುಗನಿಗೆ ಹಣದಾಸೆಗೆ ಆ ಹಣೆಪಟ್ಟಿ ಅಂಟಿಸಿದರೆ ಮುಂದೆ ಅವನಿಗೇ ತೊಡಕು. ಮನಃಶಾಸ್ತ್ರಜ್ಞರ ಪರೀಕ್ಷೆ ಪ್ರಾಮಾಣಿಕವಾಗಿ ಆಗಲಿ ಎಂದಷ್ಟೇ ಕೇಳಿ.

ವೈದ್ಯಕೀಯ ಮಂಡಳಿಯ ಮುಂದೆ ಕುಳಿತಾಗ ನಮ್ಮ ತಾಯಂದಿರು ತಮಗೆ ತಾವೇ ಅನ್ಯಾಯ ಮಾಡಿಕೊಳ್ಳುವುದನ್ನು ನಾನು ಬಹಳ ನೋಡಿದ್ದೇನೆ. ವೈದ್ಯರು “ಊಟ ತಾನೇ ಮಾಡುತ್ತಾನೇನಮ್ಮಾ?” ಎಂದು ಕೇಳುತ್ತಾರೆ. ತಾಯಿ “ಹೂಂ ಸಾರ್, ಮಾಡುತ್ತಾನೆ” ಎನ್ನುತ್ತಾಳೆ. ಅವಳು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ, ಚಮಚವನ್ನು ಅವನ ಬೆರಳುಗಳ ನಡುವೆ ಸಿಕ್ಕಿಸಿ, ಮೊಣಕೈ ಹಿಡಿದು ಬಾಯಿಯವರೆಗೆ ಎತ್ತಿ, ಚೆಲ್ಲಿದ್ದನ್ನು ಸೆರಗಿನಿಂದ ಒರೆಸುತ್ತಾಳೆ. ವರ್ಷಗಳಿಂದ ಹಾಗೇ ಮಾಡುತ್ತಿರುವುದರಿಂದ ತನ್ನ ಕೈ ಅಲ್ಲಿರುವುದೇ ಅವಳಿಗೆ ಕಾಣುವುದಿಲ್ಲ. ಮೇಲೆ, ನಾಲ್ಕು ಜನರ ಮುಂದೆ ಮಗನನ್ನು ಕೈಲಾಗದವನು ಎನ್ನಲು ಮನಸ್ಸೂ ಬರುವುದಿಲ್ಲ. ವೈದ್ಯರು ‘ಸ್ವತಃ ಊಟ ಮಾಡುತ್ತಾನೆ’ ಎಂದು ಬರೆದುಕೊಳ್ಳುತ್ತಾರೆ. ಅವರ ಮುಂದೆ ಇರುವುದು ನಿಮ್ಮ ಮಾತು ಮಾತ್ರ. ಆದ್ದರಿಂದ ಹೋಗುವ ಮುನ್ನ ಒಂದು ದಿನ, ಬೆಳಿಗ್ಗೆ ಏಳುವುದರಿಂದ ರಾತ್ರಿಯವರೆಗೆ ಅವನ ಯಾವ ಯಾವ ಕೆಲಸಕ್ಕೆ ನಿಮ್ಮ ಕೈ ಬೇಕಾಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಶೌಚ, ಸ್ನಾನ, ಬಟ್ಟೆ, ಹಾಸಿಗೆಯಿಂದ ಎಬ್ಬಿಸುವುದು, ಮಗ್ಗುಲು ತಿರುಗಿಸುವುದು, ಫಿಟ್ಸ್ ಬರುತ್ತಿದ್ದರೆ ಅದೂ. ಆ ಹಾಳೆಯನ್ನೇ ಓದಿ ಹೇಳಿ. ಹಳೆಯ ಚೀಟಿಗಳು, ಸ್ಕ್ಯಾನ್ ವರದಿ ಎಲ್ಲವೂ ಜೊತೆಗಿರಲಿ.

ಬಳ್ಳಾರಿಯವರಿಗೆ ಈ ಕೆಲಸ ಹಿಂದೆ ವಿಮ್ಸ್ ಎಂದು ಕರೆಯುತ್ತಿದ್ದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಆಗುತ್ತದೆ. ರಾಯಚೂರಿನವರು ರಿಮ್ಸ್‌ನಲ್ಲಿ, ಕೊಪ್ಪಳದವರು ಕಿಮ್ಸ್‌ನಲ್ಲಿ ವಿಚಾರಿಸಬೇಕು. ಮಂಡಳಿ ಯಾವ ವಾರ ಸೇರುತ್ತದೆ ಎಂದು ಕೇಳಿಕೊಂಡೇ ಹುಡುಗನನ್ನು ಕರೆದೊಯ್ಯಿರಿ. ಈ ಬಿಸಿಲಿನಲ್ಲಿ ಎತ್ತಿಕೊಂಡು ಹೋಗಿ ಬಾಗಿಲು ಮುಟ್ಟಿ ಬರುವ ಶಿಕ್ಷೆ ಬೇಡ. ಕೊಟ್ಟ ಶೇಕಡಾವಾರು ಸರಿಯಿಲ್ಲ ಎನಿಸಿದರೆ ಅದೇ ಕಾಯ್ದೆಯ 59ನೇ ಸೆಕ್ಷನ್ನಿನಡಿ ಮೇಲ್ಮನವಿಗೂ ಅವಕಾಶವಿದೆ.

ಮಾವನವರ ವಿಚಾರದಲ್ಲಿ ನನ್ನ ಸಲಹೆ ಬೇರೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ 1,200 ರೂಪಾಯಿ ಕೊಡುತ್ತದೆ. ಶೇ 75ಕ್ಕಿಂತ ಹೆಚ್ಚಿನ ವೈಕಲ್ಯವೆಂದು ಬರೆಸಿದರೆ 1,400. ಒಬ್ಬರಿಗೆ ಒಂದೇ ಪಿಂಚಣಿ, ಎರಡೂ ಸಿಗುವುದಿಲ್ಲ. ಇನ್ನೂರು ರೂಪಾಯಿಯ ವ್ಯತ್ಯಾಸಕ್ಕೆ ಒಂದನ್ನು ರದ್ದು ಮಾಡಿಸಿ ಇನ್ನೊಂದನ್ನು ಮಾಡಿಸುವ ಹೊತ್ತಿಗೆ ನಡುವೆ ಕೆಲವು ತಿಂಗಳು ಯಾವುದೂ ಬಾರದೆ ಹೋಗುವುದುಂಟು. ಮೇಲಾಗಿ ಈ ಪಿಂಚಣಿಗಳಿಗೆ ವರ್ಷಕ್ಕೆ 32,000 ರೂಪಾಯಿ ಆದಾಯದ ಮಿತಿ ಇದೆ. ಹೊಸ ಅರ್ಜಿ ಹಾಕಿದರೆ ಆದಾಯ ಪ್ರಮಾಣಪತ್ರದ ವಿಚಾರಣೆ ಮತ್ತೆ ಮೊದಲಿನಿಂದ. ಬರುತ್ತಿರುವುದನ್ನು ಕೆದಕಬೇಡಿ. ಯುಡಿಐಡಿ ಕಾರ್ಡು ಮಾತ್ರ ಅವರಿಗೂ ಮಾಡಿಸಿ, ಆಸ್ಪತ್ರೆಗೆ ತೋರಿಸಲು ಕರೆದೊಯ್ಯುವ ದಿನವೇ. ಗಾಲಿಕುರ್ಚಿ, ವಾಕರ್ ಮುಂತಾದವುಗಳಿಗೆ ಕೇಂದ್ರದ ಎರಡು ಯೋಜನೆಗಳಿವೆ: 60 ದಾಟಿದ ಬಿಪಿಎಲ್ ಹಿರಿಯರಿಗೆ ವಯೋಶ್ರೀ, ವಿಕಲಚೇತನರಿಗೆ ಅಡಿಪ್. ಎರಡರ ಶಿಬಿರಗಳೂ ಜಿಲ್ಲೆಗಳಲ್ಲಿ ಆಗಾಗ ನಡೆಯುತ್ತವೆ. ಮಾವನಿಗೆ ವಯೋಶ್ರೀ, ಮಗನಿಗೆ ಅಡಿಪ್ ಎಂದು ಎರಡಕ್ಕೂ ಹೆಸರು ಕೊಟ್ಟಿಡಿ.

ಹಾಸಿಗೆ ಹಿಡಿದವರ ಪಿಂಚಣಿ ಹಣ ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಬಹಳ ಮನೆಗಳ ಗೋಳು. ಬೆರಳಚ್ಚು ಹೊಂದುವುದಿಲ್ಲ, “ಅವರನ್ನೇ ಕರೆತನ್ನಿ” ಎನ್ನುತ್ತಾರೆ. 70 ದಾಟಿದವರಿಗೂ ನಡೆಯಲಾಗದವರಿಗೂ ಮನೆ ಬಾಗಿಲಲ್ಲಿ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಸಹಿ ಮಾಡಲಾಗದ ರೋಗಿಯ ಹೆಬ್ಬೆಟ್ಟನ್ನೋ ಕಾಲ್ಬೆರಳ ಗುರುತನ್ನೋ ಇಬ್ಬರು ಸಾಕ್ಷಿಗಳ ಮುಂದೆ ಪಡೆದು ಹಣ ಕೊಡುವ ಕ್ರಮವೂ ಇದೆ, ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ವ್ಯವಸ್ಥಾಪಕರಿಗೆ ಎರಡು ಸಾಲಿನ ಮನವಿ ಬರೆದು, ಅದರ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದವರನ್ನು ನಾಳೆ ಬಾ ಎನ್ನುತ್ತಾರೆ, ಮೊಹರು ಬಿದ್ದ ಕಾಗದಕ್ಕೆ ಹಾಗೆನ್ನಲು ಸ್ವಲ್ಪ ಯೋಚಿಸುತ್ತಾರೆ.

ಮಗನಿಗೆ ಇನ್ನೊಂದು ವರ್ಷದಲ್ಲಿ 18 ತುಂಬುತ್ತದೆ. ಆ ದಿನದಿಂದ ಕಾನೂನಿನ ಕಣ್ಣಿಗೆ ನೀವು ತಾಯಿ ಮಾತ್ರ, ಪೋಷಕಿಯಾಗಿ ಸಹಿ ಹಾಕುವ ಅಧಿಕಾರ ತಾನಾಗಿ ಮುಂದುವರಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವೈಕಲ್ಯ ಇರುವವರಿಗೆ, 18 ತುಂಬಿದ ಮೇಲೂ ಅಗತ್ಯವಿದ್ದರೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ. ಅವನು ತನ್ನ ವ್ಯವಹಾರ ತಾನು ಅರಿತು ಹೇಳಬಲ್ಲನಾದರೆ ಪೋಷಕತ್ವದ ಅಗತ್ಯವೇ ಬೀಳದಿರಬಹುದು, ಅದನ್ನು ಸಮಿತಿಯೇ ನೋಡುತ್ತದೆ. ಇದೇ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಯನ್ನು ಮಾತ್ರ ಕಾಯದೆ ಈಗಲೇ ಮಾಡಿಸಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ರಕ್ಷಣೆ. ಮುಂಗಡ ವೈದ್ಯಕೀಯ ತಪಾಸಣೆ ಇಲ್ಲ, ಹುಟ್ಟಿನಿಂದ ಇರುವ ಕಾಯಿಲೆ ಎಂದು ತಳ್ಳುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆಯಲ್ಲ ಎನ್ನಬಹುದು. ಅದು ಆಸ್ಪತ್ರೆಗೆ ದಾಖಲಾದಾಗ ಒದಗುವಂಥದ್ದು. ನಿಮಗೆ ಬೇಕಿರುವುದು ತಿಂಗಳು ತಿಂಗಳೂ ಬೇಕಾಗುವ ಫಿಸಿಯೊಥೆರಪಿ, ವಾಕ್ ಚಿಕಿತ್ಸೆಯ ಖರ್ಚು. ನಿರಾಮಯದಲ್ಲಿ ಅದಕ್ಕೂ, ಹೋಗಿಬರುವ ಖರ್ಚಿಗೂ ಒಂದು ಪಾಲು ಇದೆ. ಬಿಲ್ಲುಗಳನ್ನು ಜೋಪಾನ ಮಾಡಬೇಕು, ಹಣ ಆಮೇಲೆ ಬರುತ್ತದೆ.

ಮೈದುನರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಅದೂ ಅಳೆದು ತೂಗಿ. ನಾನು ಅಷ್ಟು ಸಂಕೋಚಪಡುವುದಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಮಾವನವರು ಆ ಮಗನಿಂದ ಜೀವನಾಂಶ ಕೇಳಬಹುದು. ಉಪವಿಭಾಗಾಧಿಕಾರಿಯೇ ಅದರ ನ್ಯಾಯಮಂಡಳಿ. ಬಳ್ಳಾರಿಯಲ್ಲಿ, ಕೊಪ್ಪಳದಲ್ಲಿ ಜಿಲ್ಲಾ ಕೇಂದ್ರದಲ್ಲೇ ಆ ಕಚೇರಿ ಇದೆ. ರಾಯಚೂರು ಜಿಲ್ಲೆಯಲ್ಲಿ ರಾಯಚೂರಲ್ಲದೆ ಲಿಂಗಸುಗೂರಿನಲ್ಲೂ ಇದೆ. ಹಿರಿಯರು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು, ಬೆಂಗಳೂರಿಗೆ ಹೋಗಬೇಕಿಲ್ಲ. ವಕೀಲರಿಲ್ಲದೆಯೂ ಆಗುತ್ತದೆ. ಅವರಿಗೆ ಓಡಾಡಲಾಗದಿದ್ದರೆ ತಮ್ಮ ಪರವಾಗಿ ಬೇರೆಯವರಿಗೆ ಅಧಿಕಾರ ಕೊಡಬಹುದು. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಆದೇಶಿಸಲು ಅವಕಾಶವಿದೆ. ವಿಚಿತ್ರವೆಂದರೆ ಈ ಕಾಯ್ದೆಯ ‘ಮಕ್ಕಳು’ ಎಂಬ ಪಟ್ಟಿಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇದ್ದಾರೆ, ಸೊಸೆ ಇಲ್ಲ. ಹೊಣೆ ಕಾನೂನಿನಲ್ಲಿ ಯಾರದೋ, ಕೆಲಸ ನಿಮ್ಮದು.

ಅರ್ಜಿ ಹಾಕುವ ಮುಂಚೆ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಗಂಡ ತಮ್ಮನೊಂದಿಗೆ ಮಾತಾಡಲಿ. ಖರ್ಚಿನ ಲೆಕ್ಕ ಬರೆದ ಹಾಳೆ ಮುಂದಿರಲಿ: ಡಯಾಪರ್, ಔಷಧಿ, ಆಟೊ ಬಾಡಿಗೆ, ನೀವು ಬಿಟ್ಟ ಹೊಲಿಗೆಯ ಕೂಲಿ. ಈ ಕೊನೆಯದನ್ನು ಬರೆಯಲು ಮರೆಯಬೇಡಿ. ಮಾತಿಗೆ ಬಗ್ಗದಿದ್ದರೆ ಅರ್ಜಿ. ಸಮಾಧಾನ ಅಧಿಕಾರಿಯ ಎದುರು ಒಪ್ಪಂದಕ್ಕೂ ಆ ಕಾಯ್ದೆಯಲ್ಲೇ ಅವಕಾಶವಿದೆ, ಉಪವಿಭಾಗಾಧಿಕಾರಿಯ ಕಚೇರಿಯ ಮೆಟ್ಟಿಲು ಹತ್ತಬೇಕಾದ ಅವಮಾನ ತಪ್ಪಿಸಲು ಅಷ್ಟರಲ್ಲೇ ಒಪ್ಪುವವರು ಇದ್ದಾರೆ. ಮನೆ ಮಾವನವರ ಹೆಸರಿನಲ್ಲಿದೆ ಎಂದಿದ್ದೀರಿ. ಅವರು ಅದನ್ನು ಯಾರಿಗೇ ದಾನಪತ್ರ ಮಾಡಿಕೊಡಲಿ, ಕೊನೆಯವರೆಗೂ ತಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಲಿ. ಹಾಗೆ ಬರೆಸಿದ್ದರೆ, ಮಾತು ತಪ್ಪಿದವರಿಂದ ಆಸ್ತಿ ಹಿಂಪಡೆಯಲು 23ನೇ ಸೆಕ್ಷನ್ ಗಟ್ಟಿಯಾಗಿ ನಿಲ್ಲುತ್ತದೆ. ಈ ಮಾತನ್ನು ನೀವಾಗಿ ಎತ್ತಬೇಡಿ, ಗಂಡನ ಬಾಯಿಂದಲೇ ಬರಲಿ.

ಉಳಿದವು ಸಣ್ಣಪುಟ್ಟವು. ನಿಮಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ. ಮಗನಿಗೆ ಸಾರಿಗೆ ನಿಗಮದ ವಿಕಲಚೇತನರ ರಿಯಾಯಿತಿ ಪಾಸ್ ಮಾಡಿಸಿ. ನಿಮ್ಹಾನ್ಸ್‌ಗೆಂದು ಹಂಪಿ ಎಕ್ಸ್‌ಪ್ರೆಸ್ ಹಿಡಿಯುವುದಿದ್ದರೆ, ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ ಸ್ಲೀಪರ್ ದರ್ಜೆಯಲ್ಲಿ ಶೇ 75 ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ರೈಲ್ವೆಯ ನಿಗದಿತ ನಮೂನೆಯಲ್ಲಿ ವೈದ್ಯರ ಸಹಿ ಬೇಕು. ಗೃಹಲಕ್ಷ್ಮಿಯ 2,000 ಆರೈಕೆಗೆಂದು ಕೊಡುವುದಲ್ಲ, ಆದರೆ ಅತ್ತೆಯವರು ತೀರಿಕೊಂಡಿದ್ದು ಪಡಿತರ ಚೀಟಿಯಲ್ಲಿ ಇನ್ನೂ ಅವರೇ ಯಜಮಾನಿ ಎಂದಿದ್ದರೆ ಅದನ್ನು ಬದಲಿಸಿಕೊಳ್ಳಿ. ಬುದ್ಧಿಮಾಂದ್ಯ ಮಕ್ಕಳ ತಾಯಂದಿರಿಗೆ ವಿಕಲಚೇತನರ ಇಲಾಖೆ ಹೊಲಿಗೆ ಯಂತ್ರ ಕೊಡುವುದುಂಟು. ಮಗನ ಮರುಪರೀಕ್ಷೆಯಲ್ಲಿ ಆ ಅಂಶ ದಾಖಲಾದರೆ ನೀವೂ ಅರ್ಜಿ ಹಾಕಬಹುದು. ದಪ್ಪ ಜೀನ್ಸ್ ಬಟ್ಟೆಗೆ ಆ ಯಂತ್ರ ಎಷ್ಟರ ಮಟ್ಟಿಗೆ ತಡೆಯುತ್ತದೆ ಎನ್ನುವುದು ನನಗಿಂತ ನಿಮಗೇ ಗೊತ್ತು. ರವಿಕೆ, ಶಾಲಾ ಸಮವಸ್ತ್ರಕ್ಕಂತೂ ಸಾಕು.

ನೀವು ಕೊನೆಯಲ್ಲಿ ಬರೆದ ನಿದ್ದೆಯ ಮಾತನ್ನು ನಾನು ಮೊದಲೇ ಓದಿಕೊಂಡಿದ್ದೇನೆ. ನಾಲ್ಕು ದಿನ ಯಾರಾದರೂ ಬಂದು ನಿಮ್ಮ ಬದಲು ನೋಡಿಕೊಳ್ಳುವಂಥ ಸರ್ಕಾರಿ ವ್ಯವಸ್ಥೆ ಇದೆ ಎಂದು ಹೇಳಿ ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ಆದರೆ ನಿದ್ದೆಗೆಟ್ಟು, ಅಳು ಬಂದು, ಯಾರ ಮೇಲೋ ರೇಗಿ ಆಮೇಲೆ ಕೊರಗುವುದು ಕಾಯಿಲೆಯ ಅಂಚು. ಅದಕ್ಕೆ ಔಷಧಿ, ಆಪ್ತಸಲಹೆ ಎರಡೂ ಇವೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ರಾತ್ರಿ ಎರಡು ಗಂಟೆಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಪದ್ಧತಿ ಇದೆ, ಸಿಂಧನೂರು, ಗಂಗಾವತಿಯಂಥ ಊರುಗಳವರು ಅಲ್ಲೇ ವಿಚಾರಿಸಬಹುದು. ಇದಕ್ಕೆಲ್ಲ ನಾಚಿಕೆಪಡುವವರಿಗೆ ನಾನು ಒಂದು ಸಂಗತಿ ಹೇಳುವುದುಂಟು. ಮಾನಸಿಕ ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯಿಂದ ಹೊರತಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸಬಹುದೇ ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಇಡೀ ಜಿಲ್ಲೆಯೊಂದರಲ್ಲಿ ಪ್ರಯೋಗ ಮಾಡಿತು. ಆ ಜಿಲ್ಲೆ ಬಳ್ಳಾರಿಯೇ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಇನ್ನು ಎಲ್ಲಿಂದ ಶುರು ಮಾಡಬೇಕೆಂದರೆ, ಮಗನ ಕಾರ್ಡಿನಿಂದ. ಅದು ಸರಿಯಾಗುವವರೆಗೆ ಭತ್ಯೆಯ ಅರ್ಜಿಗೆ ಆತುರಪಡಬೇಡಿ, ಒಮ್ಮೆ ತಿರಸ್ಕಾರವಾದರೆ ಮತ್ತೆ ಎಬ್ಬಿಸುವುದು ಕಷ್ಟ. ನಗರದಲ್ಲಿ ಪಾಲಿಕೆಯ ಪುನರ್ವಸತಿ ಕಾರ್ಯಕರ್ತರು, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಇದಕ್ಕೆಂದೇ ಇದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ಸ್ವತಃ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು. ಕಚೇರಿಯ ಕಾಗದಪತ್ರ ಅವರಷ್ಟು ಬಲ್ಲವರು ಕಡಿಮೆ. ಅವರು ಸಿಗದಿದ್ದರೆ ನೇರವಾಗಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಗೆ ಹೋಗಿ.

ಹೆಸರು ಯಾರದು ಹಾಕಬೇಕು ಎಂದು ಕೇಳಿದ್ದೀರಿ. ನಿಮ್ಮದೇ. ಮನೆಯ ಯಜಮಾನ ಎಂದು ಗಂಡನ ಹೆಸರು ಬರೆಸುವುದು ನಮ್ಮ ಕಡೆ ರೂಢಿ, ಅರ್ಜಿ ತುಂಬುವ ಹುಡುಗರೂ ಕೇಳದೆಯೇ ಹಾಗೆ ಬರೆದುಬಿಡುತ್ತಾರೆ. ಪರಿಶೀಲನೆಗೆ ಬಂದವರು ಆರೈಕೆದಾರರು ಯಾರು ಎಂದು ಕೇಳಿದಾಗ ಗಂಡ ಲೋಡು ಹೊತ್ತು ಹೊಸಪೇಟೆಗೆ ಹೋಗಿದ್ದರೆ ಉತ್ತರ ಕೊಡುವವರು ಯಾರು? ಖಾತೆ ಕೂಡ ನಿಮ್ಮ ಒಬ್ಬರ ಹೆಸರಿನಲ್ಲೇ ಇರಲಿ, ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಒಮ್ಮೆ ಕೇಳಿ ನೋಡಿ.